ವೇದಿಕೆ ಇಲ್ಲದ ಕೂಟ: ಮೈಸೂರು, ಮಂಡ್ಯದಲ್ಲಿ ಸಮಾನ ಮನಸ್ಕರು ತಿಂಗಳಿಗೊಮ್ಮೆ ಸೇರುವುದು ಹೇಗೆ?

2025ರ ಏಪ್ರಿಲ್‌ನಲ್ಲಿ ಮೈಸೂರಿನ ಹೈದರಾಲಿ ರಸ್ತೆಯ 40 ಮರಗಳನ್ನು ಕಡಿದರು. ಸುದ್ದಿ ತಿಳಿದು ಜನ ಬಂದರು, ಪ್ರತಿಭಟನೆ ಮಾಡಿದರು. ಅಷ್ಟು ಹೊತ್ತಿಗೆ ಮರಗಳೇ ಇರಲಿಲ್ಲ. ಅವತ್ತು ನನ್ನ ಪಕ್ಕ ನಿಂತಿದ್ದ ನಿವೃತ್ತ ಮೇಷ್ಟ್ರೊಬ್ಬರು ಕೇಳಿದರು: "ನಾವೆಲ್ಲ ಹೋದ ತಿಂಗಳೇ ಒಂದ್ಸಲ ಕೂತು ಮಾತಾಡಿದ್ದಿದ್ರೆ, ಯಾರಾದ್ರೂ ಈ ವಿಷಯ ಎತ್ತಿರೋರು ಅಲ್ವಾ?"

ಆ ಮಾತು ನನ್ನನ್ನು ಬಿಡಲಿಲ್ಲ. ಅನ್ಯಾಯ ಆದ ಮೇಲೆ ಸೇರುವುದು ನಮಗೆ ಗೊತ್ತು. ಏನೂ ಆಗದ ಒಂದು ಸಾಧಾರಣ ಭಾನುವಾರ ಸೇರುವುದು ಗೊತ್ತಿಲ್ಲ. ಜಾತಿ, ಹೆಣ್ಣುಮಕ್ಕಳ ಬದುಕು, ಕೆರೆ, ಕೂಲಿ, ಸೌಹಾರ್ದ ಅಂತ ಕಾಳಜಿ ಇರುವವರು ನಮ್ಮ ಬೀದಿಯಲ್ಲೇ ಇರುತ್ತಾರೆ. ಒಬ್ಬರಿಗೊಬ್ಬರ ಪರಿಚಯ ಇರುವುದಿಲ್ಲ, ಅಷ್ಟೇ.

ಇದಕ್ಕೂ ಮೊದಲು ನಾವು ಕೆಲವರು ಒಂದು ಕೂಟ ಮಾಡಿದ್ದೆವು. ಐದೇ ತಿಂಗಳಿಗೆ ನಿಂತುಹೋಯಿತು. ಮರ ಕಡಿದ ಮೇಲೆ ಮತ್ತೆ ಶುರು ಮಾಡಿದೆವು, ಈಗಲೂ ನಡೆಯುತ್ತಿದೆ. ಒಂದು ಯಾಕೆ ನಿಂತಿತು, ಇನ್ನೊಂದು ಯಾಕೆ ನಡೆಯುತ್ತಿದೆ ಅನ್ನುವುದನ್ನು ಇಟ್ಟುಕೊಂಡೇ ಇದನ್ನು ಬರೆಯುತ್ತಿದ್ದೇನೆ. ಎರಡಕ್ಕೂ ಇದ್ದ ಮುಖ್ಯ ವ್ಯತ್ಯಾಸ ಒಂದೇ. ಮೊದಲನೇ ಸಲ "ಯಾರನ್ನು ಭಾಷಣಕ್ಕೆ ಕರೆಯೋಣ?" ಅಂತ ಕೇಳಿಕೊಂಡಿದ್ದೆವು. ಎರಡನೇ ಸಲ "ಬರಬೇಕು ಅನಿಸಿದರೂ ಯಾರಿಗೆ ಬರಲು ಆಗುತ್ತಿಲ್ಲ?" ಅಂತ ಕೇಳಿಕೊಂಡೆವು.

ಹೆಜ್ಜೆ 1: ಮೊದಲು ಮೂರು ಜನ ಸಿಗಲಿ

ಮೂರು ಜನ ಸಾಕು. ಆದರೆ ಮೂವರೂ ಒಂದೇ ಕಾಲೇಜಿನವರು, ಒಂದೇ ಜಾತಿಯವರು, ಮೂವರೂ ಗಂಡಸರೇ ಆಗಿದ್ದರೆ ಇನ್ನೊಂದು ತಿಂಗಳು ಕಾಯಿರಿ. ಶುರು ಮಾಡುವವರು ಹೇಗಿರುತ್ತಾರೋ ಬರುವವರೂ ಹಾಗೇ ಇರುತ್ತಾರೆ. ನಮ್ಮ ಎರಡನೇ ಸಲದ ಮೂವರು ಅಂದರೆ ಅಶೋಕಪುರಂನ ಒಬ್ಬ ಕಾನೂನು ವಿದ್ಯಾರ್ಥಿ, ಪಾಂಡವಪುರ ಕಡೆಯ ಒಬ್ಬ ರೈತ, ಮತ್ತೆ ನಾನು. ಮೊದಲು ಟೀ ಅಂಗಡಿಯಲ್ಲಿ ಎರಡು ಸಲ ಭೇಟಿಯಾದೆವು. ಹೆಸರು, ಲೋಗೋ, ಬ್ಯಾನರ್ ಬಗ್ಗೆ ಆಗ ಮಾತೇ ಆಡಲಿಲ್ಲ.

ಸಂಘ ನೋಂದಣಿಗೂ ಅವಸರ ಬೇಡ. ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ, 1960ರ ಪ್ರಕಾರ ನೋಂದಣಿಗೆ ಕನಿಷ್ಠ ಏಳು ಜನ ಬೇಕು. ನೋಂದಣಿ ಅಂದ ಕೂಡಲೇ ಅಧ್ಯಕ್ಷ, ಕಾರ್ಯದರ್ಶಿ, ಖಜಾಂಚಿ ಬರುತ್ತಾರೆ. ಹತ್ತು ಜನ ಇರುವ ಕಡೆ ಏಳು ಹುದ್ದೆ ಬಂದರೆ ಮನಸ್ತಾಪ ಶುರುವಾಗುತ್ತದೆ. ತಿಂಗಳ ಕೂಟ ನಡೆಸಲು ನೋಂದಣಿ ಬೇಕಾಗಿಲ್ಲ.

ಹೆಜ್ಜೆ 2: ದಿನ ಮತ್ತು ಹೊತ್ತು

ಒಂದು ದಿನ ಗಟ್ಟಿ ಮಾಡಿ, ಬದಲಾಯಿಸಬೇಡಿ. ನಮ್ಮದು ತಿಂಗಳ ಕೊನೆಯ ಭಾನುವಾರ, ಸಂಜೆ 4ರಿಂದ 6. ಇಷ್ಟು ಸಣ್ಣ ವಿಷಯಕ್ಕೆ ನಾವು ಒಂದು ಸಂಜೆಯನ್ನೇ ಕೊಟ್ಟೆವು, ಕೊಟ್ಟಿದ್ದು ಒಳ್ಳೆಯದೇ ಆಯಿತು.

ಗಾರ್ಮೆಂಟ್ಸ್‌ಗೆ ಹೋಗುವ ಹೆಂಗಸರಿಗೆ ಭಾನುವಾರ ಬಿಟ್ಟು ರಜೆ ಇಲ್ಲ. ಅವತ್ತೇ ಬಟ್ಟೆ ಒಗೆಯಬೇಕು, ವಾರದ ಸಾಮಾನು ತರಬೇಕು. ಹಾಗಾಗಿ ಬೆಳಿಗ್ಗೆ ಆಗುವುದಿಲ್ಲ. ಕ್ರೈಸ್ತ ಗೆಳೆಯರಿಗೆ ಬೆಳಿಗ್ಗೆ ಚರ್ಚ್ ಇರುತ್ತದೆ. ರಂಜಾನ್ ತಿಂಗಳಲ್ಲಿ ಉದಯಗಿರಿ, ಮಂಡಿ ಮೊಹಲ್ಲಾದಿಂದ ಬರುವವರು ಇಫ್ತಾರ್ ಹೊತ್ತಿಗೆ ಮನೆ ಸೇರಬೇಕು. ಆರಕ್ಕೆ ಮುಗಿಸಿದರೆ ಅದೂ ಸರಿಹೋಗುತ್ತದೆ. ಹಳ್ಳಿಯಿಂದ ಬಂದ ಹೆಣ್ಣುಮಗಳು ಕತ್ತಲಾಗುವ ಮೊದಲು ಬಸ್ ಹತ್ತಬೇಕು. "ಇನ್ನೊಂದು ಹತ್ತು ನಿಮಿಷ" ಅಂತ ನೀವು ಎಳೆದರೆ ಅವಳಿಗೆ ಬಸ್ ತಪ್ಪುತ್ತದೆ, ಮನೆಯಲ್ಲಿ ಪ್ರಶ್ನೆ ಏಳುತ್ತದೆ, ಮುಂದಿನ ತಿಂಗಳು ಅವಳು ಬರುವುದಿಲ್ಲ. ನಮ್ಮ ಮೊದಲ ಕೂಟ ಆರೂವರೆಗೆ ಶುರುವಾಗಿ ಒಂಬತ್ತಕ್ಕೆ ಮುಗಿಯುತ್ತಿತ್ತು. ಐದು ತಿಂಗಳಲ್ಲಿ ಒಟ್ಟು ಇಬ್ಬರು ಹೆಂಗಸರು ಬಂದಿದ್ದರು. ಆಗ ನಾವು "ಹೆಣ್ಣುಮಕ್ಕಳಿಗೆ ಆಸಕ್ತಿ ಇಲ್ಲ" ಅಂದುಕೊಂಡಿದ್ದೆವು. ಅದನ್ನು ನೆನೆದರೆ ಈಗ ಬೇಸರವಾಗುತ್ತದೆ.

2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಸಾಮಾನ್ಯ ಸರ್ಕಾರಿ ಬಸ್‌ನಲ್ಲಿ ಹೆಂಗಸರಿಗೆ ಟಿಕೆಟ್‌ಗೆ ದುಡ್ಡಿಲ್ಲ. ಇದರಿಂದ ಕೂಟಕ್ಕೆ ದೊಡ್ಡ ಉಪಕಾರ ಆಗಿದೆ. ಮದ್ದೂರಿನಿಂದ ಮೈಸೂರಿಗೆ ಬರಲು ಈಗ ಯಾರ ಹತ್ತಿರವೂ ದುಡ್ಡು ಕೇಳಬೇಕಾಗಿಲ್ಲ. ಗಂಡಸರಿಗೆ ರೈಲು ಅಗ್ಗ. ಮೈಸೂರು, ಶ್ರೀರಂಗಪಟ್ಟಣ, ಪಾಂಡವಪುರ, ಮಂಡ್ಯ, ಮದ್ದೂರು ಎಲ್ಲ ಒಂದೇ ಹಳಿಯ ಮೇಲಿವೆ. ಹಾಗಾಗಿ ನಿಲ್ದಾಣದಿಂದ ನಡೆದು ಬರುವಷ್ಟು ಹತ್ತಿರ ಜಾಗ ಹುಡುಕಿ.

ರೈತರು ಬರಬೇಕಾದರೆ ನಾಲೆ ನೀರು ನೋಡಿಕೊಳ್ಳಿ. ವಿ.ಸಿ. (ವಿಶ್ವೇಶ್ವರಯ್ಯ) ನಾಲೆಗೆ ನೀರು ಬಿಟ್ಟು ನಾಟಿ ಜೋರಾಗಿ ನಡೆಯುವಾಗ ಮಂಡ್ಯ ಕಡೆಯಿಂದ ಯಾರೂ ಬರುವುದಿಲ್ಲ. ಆಗ ನೀವೇ ಅವರ ಊರಿಗೆ ಹೋಗಿ. ದಸರಾ ತಿಂಗಳಲ್ಲಿ ಮೈಸೂರಿನ ಒಳಗೆ ಬೇಡ, ಮಂಡ್ಯದಲ್ಲಿ ಇಟ್ಟುಕೊಳ್ಳಿ.

ಹೆಜ್ಜೆ 3: ಜಾಗ

ಇದರಲ್ಲಿ ಜಾಸ್ತಿ ಜನ ಎಡವುತ್ತಾರೆ. "ಹಾಲ್ ಸಿಕ್ಕಿದರೆ ಸಾಕು" ಅಂದುಕೊಳ್ಳುತ್ತಾರೆ. ನಮ್ಮ ಕಡೆ ಪ್ರತಿ ಕಟ್ಟಡಕ್ಕೂ ಒಂದು ಜಾತಿ, ಒಂದು ಪಕ್ಷ ಅಂಟಿಕೊಂಡಿರುತ್ತದೆ. ಒಂದೊಂದು ಸಮುದಾಯಕ್ಕೆ ಒಂದೊಂದು ಭವನ, ಒಂದೊಂದು ಹಾಸ್ಟೆಲ್. ಅಲ್ಲಿ ಕರೆದರೆ "ಇದು ಅವರದ್ದು" ಅಂತ ಅರ್ಧ ಜನ ಬಾಗಿಲಿನಿಂದಲೇ ವಾಪಸ್ ಹೋಗುತ್ತಾರೆ. ದೇವಸ್ಥಾನದ ಪ್ರಾಂಗಣದಲ್ಲೂ ಹಾಗೇ. ಊರಿನ ಅರಳಿಕಟ್ಟೆ ನೋಡಲು ಚೆಂದ, ಆದರೆ ಆ ಕಟ್ಟೆ ಮೇಲೆ ಕೂರಲು ಎಲ್ಲರಿಗೂ ಆಗುತ್ತದಾ ಅಂತ ಮೊದಲು ವಿಚಾರಿಸಿ.

ಮೈಸೂರಿನಲ್ಲಿ ಉದ್ಯಾನಗಳಿವೆ, ಶಾಲೆಗಳಿವೆ, ಗ್ರಂಥಾಲಯಗಳಿವೆ. ಹದಿನೈದು ಜನಕ್ಕೆ ಯಾರದ್ದಾದರೂ ಮನೆಯ ತಾರಸಿಯೇ ಸಾಕು. ಸ್ವಾತಂತ್ರ್ಯ ಹೋರಾಟದ ಕಾಲದಲ್ಲಿ ಸಭೆಗಳು ನಡೆಯುತ್ತಿದ್ದ ಸುಬ್ಬರಾಯನಕೆರೆ ಈಗ ಹೋರಾಟಗಾರರ ಹೆಸರಿನ ಉದ್ಯಾನ. ಹೊಸಬರಿಗೆ ಹೇಳಲು ಒಳ್ಳೆಯ ಗುರುತು. ಕಲಾಮಂದಿರ, ರಂಗಾಯಣದ ಸುತ್ತ ನಾಟಕಕ್ಕೆ ಬರುವ ಯುವಕರು ಸಿಗುತ್ತಾರೆ. ಕೂಟಕ್ಕೆ ಹೊಸ ಮುಖ ಬೇಕಾದರೆ ಅಲ್ಲಿ ಹುಡುಕಿ.

ಮಂಡ್ಯದಲ್ಲಿ ಗಾಂಧಿ ಭವನ ಇದೆ, ಕರ್ನಾಟಕ ಸಂಘ ಇದೆ. ಮದ್ದೂರಿನಲ್ಲಿ ಶಿವಪುರದ ಸತ್ಯಾಗ್ರಹ ಸೌಧ ಇದೆ. 1938ರ ಏಪ್ರಿಲ್‌ನಲ್ಲಿ ಮೈಸೂರು ಸಂಸ್ಥಾನದ ಸರ್ಕಾರ ಬೇಡ ಅಂದರೂ ಜನ ಸೇರಿ ಧ್ವಜ ಹಾರಿಸಿದ ನೆಲ ಅದು. ವರ್ಷಕ್ಕೊಮ್ಮೆಯಾದರೂ ಅಲ್ಲಿ ಕೂತು ಮಾತಾಡಿ. ಸಭೆ ಸೇರುವುದಕ್ಕೇ ಜನ ಜೈಲಿಗೆ ಹೋದ ಜಿಲ್ಲೆ ನಮ್ಮದು ಅಂತ ಕಾಲೇಜು ಹುಡುಗರಿಗೆ ಅಲ್ಲೇ ಅರ್ಥವಾಗುತ್ತದೆ.

ಇನ್ನೊಂದು ಮಾತು. ಹಳ್ಳಿಗೆ ಹೋದಾಗ ಅಂಬೇಡ್ಕರ್ ಭವನದಲ್ಲಿ ಕೂಟ ಇಡಿ. ಊರಿನ ಮೇಲ್ಜಾತಿಯ "ಪ್ರಗತಿಪರ" ಗೆಳೆಯರಲ್ಲಿ ಎಷ್ಟು ಜನ ಅಲ್ಲಿಗೆ ಬಂದು ಟೀ ಕುಡಿಯುತ್ತಾರೆ ಅಂತ ಆಗ ತಿಳಿಯುತ್ತದೆ. ನಾವು ಹಾಗೆ ಇಟ್ಟ ಮೊದಲ ಸಲ ನಾಲ್ಕು ಜನ ತಪ್ಪಿಸಿಕೊಂಡರು. ಮುಂದಿನ ತಿಂಗಳು ಅದನ್ನೇ ವಿಷಯ ಮಾಡಿ ಮಾತಾಡಿದೆವು. ಅವರಲ್ಲಿ ಇಬ್ಬರು ಬಂದು, "ಹೌದು, ಹಿಂಜರಿಕೆ ಆಯಿತು" ಅಂತ ಒಪ್ಪಿಕೊಂಡರು. ನಮ್ಮ ಕೂಟದಲ್ಲಿ ನಡೆದ ಅತಿ ಪ್ರಾಮಾಣಿಕ ಮಾತುಕತೆ ಅದು.

ಹೆಜ್ಜೆ 4: ಕುರ್ಚಿ, ಜಮಖಾನ, ಲೋಟ

ವೇದಿಕೆ ಬೇಡ. ಎಲ್ಲರೂ ಸುತ್ತ ಕೂರಲಿ. ಎಲ್ಲರೂ ಕುರ್ಚಿಯಲ್ಲಿ, ಇಲ್ಲವೇ ಎಲ್ಲರೂ ಜಮಖಾನದ ಮೇಲೆ. ಎರಡನ್ನೂ ಬೆರೆಸಬೇಡಿ. ಬೆರೆಸಿದರೆ ಕೆಲವರು ತಾವಾಗಿಯೇ ನೆಲದ ಕಡೆ ಹೋಗುತ್ತಾರೆ. ಯಾರು ಹೋಗುತ್ತಾರೆ ಅಂತ ನಿಮಗೂ ಗೊತ್ತು, ನನಗೂ ಗೊತ್ತು. ಮಂಡಿನೋವಿನ ಹಿರಿಯರು ಒಬ್ಬರಿದ್ದರೂ ಎಲ್ಲರಿಗೂ ಕುರ್ಚಿ ಹಾಕಿ.

ಕಾಗದದ ಲೋಟ ಬೇಡ, ಸ್ಟೀಲ್ ಲೋಟ ಇರಲಿ. ಕಸ ಆಗುತ್ತದೆ ಅನ್ನುವುದು ಒಂದು ಕಾರಣ. ಒಬ್ಬರು ಕುಡಿದ ಲೋಟವನ್ನು ಇನ್ನೊಬ್ಬರು ತೊಳೆದು ಮತ್ತೊಬ್ಬರು ಕುಡಿಯುವುದಕ್ಕೆ ನಮ್ಮ ಊರುಗಳಲ್ಲಿ ಇವತ್ತಿಗೂ ಅರ್ಥ ಇದೆ ಅನ್ನುವುದು ದೊಡ್ಡ ಕಾರಣ. ತೊಳೆಯುವ ಸರದಿ ಪಟ್ಟಿಯಲ್ಲಿ ಗಂಡಸರ ಹೆಸರು ಮೊದಲು ಬರಲಿ. ಇದನ್ನು ಬಾಯಲ್ಲಿ ಹೇಳಿದರೆ ಸಾಲದು, ಬರೆದು ಗೋಡೆಗೆ ಅಂಟಿಸಿ. ಇಲ್ಲದಿದ್ದರೆ ಸಮಾನತೆಯ ಚರ್ಚೆ ಹಾಲ್‌ನಲ್ಲಿ ನಡೆಯುವಾಗ ಹೆಂಗಸರು ಹಿಂದಿನ ನಲ್ಲಿ ಹತ್ತಿರ ಇರುತ್ತಾರೆ.

ತಿನ್ನಲು ಚುರುಮುರಿ, ಕಡ್ಲೆಪುರಿ, ಬಾಳೆಹಣ್ಣು ಸಾಕು. ಊಟ ಇಟ್ಟರೆ ಸಸ್ಯಾಹಾರ, ಮಾಂಸಾಹಾರ ಎರಡೂ ಇಡಿ. 2024ರ ಡಿಸೆಂಬರ್‌ನಲ್ಲಿ ಮಂಡ್ಯದಲ್ಲಿ 87ನೇ ಸಾಹಿತ್ಯ ಸಮ್ಮೇಳನ ನಡೆದಾಗ ಬಾಡೂಟ ಬೇಕು ಅಂತ ಜನ ಚಳವಳಿಯನ್ನೇ ಮಾಡಿದರು. ನಾವು ತಿನ್ನುವುದನ್ನು ನಾಲ್ಕು ಜನರ ಮುಂದೆ ಬಡಿಸಲು ಯಾಕೆ ನಾಚಿಕೆ ಅನ್ನುವುದೇ ಅಲ್ಲಿನ ಪ್ರಶ್ನೆ. ನಮ್ಮ ವಾರ್ಷಿಕ ಊಟದಲ್ಲಿ ಮುದ್ದೆ, ಬಸ್ಸಾರಿನ ಪಕ್ಕದಲ್ಲೇ ಕೋಳಿಸಾರು ಇರುತ್ತದೆ. ಬೇರೆ ಬೇರೆ ಪಂಕ್ತಿ ಇಲ್ಲ.

ಹೆಜ್ಜೆ 5: ವಿಷಯ

"ಪ್ರಜಾಪ್ರಭುತ್ವದ ಸವಾಲುಗಳು" ಅಂತ ವಿಷಯ ಇಟ್ಟರೆ ಪ್ರಾಧ್ಯಾಪಕರು ಮಾತ್ರ ಬರುತ್ತಾರೆ. ಬದಲಿಗೆ, ಬರುವವರ ಮನೆಯಲ್ಲಿ ಈ ತಿಂಗಳು ನಡೆದ ಒಂದು ಸಂಗತಿಯಿಂದ ಶುರು ಮಾಡಿ. ದೊಡ್ಡ ಪ್ರಶ್ನೆಗೆ ಅಲ್ಲಿಂದಲೇ ದಾರಿ ಸಿಗುತ್ತದೆ.

ಕೆಲವು ಉದಾಹರಣೆ ಕೊಡುತ್ತೇನೆ. 2023ರಲ್ಲಿ ಮಂಡ್ಯದ ಆಲೆಮನೆಯೊಂದರಲ್ಲಿ ಕದ್ದು ಸ್ಕ್ಯಾನಿಂಗ್ ಮಾಡಿ ಭ್ರೂಣದ ಲಿಂಗ ಪತ್ತೆ ಮಾಡುತ್ತಿದ್ದುದು ಬಯಲಾಯಿತು. ಬೆಲ್ಲ ಬೇಯುವ ಜಾಗದಲ್ಲಿ ಹೆಣ್ಣು ಬೇಡ ಅನ್ನುವ ದಂಧೆ! ಈ ವಿಷಯಕ್ಕೆ ಕೂತಾಗ ಒಬ್ಬ ತಾಯಿ, ಎರಡನೇ ಹೆಣ್ಣು ಹುಟ್ಟಿದಾಗ ತನ್ನ ಅತ್ತೆ ಆಸ್ಪತ್ರೆಗೇ ಬರಲಿಲ್ಲ ಅಂದರು. ಆಮೇಲೆ ನಾವು ಕರೆಸಿದ್ದ ವೈದ್ಯರಿಗೆ ಮಾತಾಡಲು ಹತ್ತೇ ನಿಮಿಷ ಉಳಿಯಿತು. ಅವರೂ ಅದೇ ಸರಿ ಅಂದರು.

ಮೈಕ್ರೋ ಫೈನಾನ್ಸ್ ಸಾಲ ಇನ್ನೊಂದು. ಮನೆ ಮುಂದೆ ನಿಂತು ಕಿರುಕುಳ ಕೊಡುವುದನ್ನು ತಡೆಯಲು 2025ರ ಫೆಬ್ರುವರಿಯಲ್ಲಿ ರಾಜ್ಯ ಸರ್ಕಾರ ಸುಗ್ರೀವಾಜ್ಞೆ ತಂದಿತು. ಸಾಲ ತೆಗೆದ ಹೆಂಗಸರಲ್ಲಿ ಎಷ್ಟೋ ಜನಕ್ಕೆ ಅದು ಗೊತ್ತಿರಲಿಲ್ಲ. ಅದನ್ನು ಓದಿ, ಬಿಡಿಸಿ ಹೇಳಿದ್ದಕ್ಕೇ ಒಂದು ಕೂಟ ಸಾರ್ಥಕವಾಯಿತು.

ಯುವಕರು ಜಾಸ್ತಿ ಬಂದದ್ದು ಸರಳ ಮದುವೆಯ ವಿಷಯಕ್ಕೆ. ಕುವೆಂಪು ಅವರು ಪುರೋಹಿತರಿಲ್ಲದ, ವರದಕ್ಷಿಣೆಯಿಲ್ಲದ ಮಂತ್ರಮಾಂಗಲ್ಯವನ್ನು ರೂಪಿಸಿದರು. ಅವರು ಬಾಳಿದ ಊರು ಇದು. ಅದರ ಜೊತೆಗೆ 1954ರ ವಿಶೇಷ ವಿವಾಹ ಕಾಯ್ದೆಯನ್ನೂ ತಿಳಿಸಿ. ಅದರಲ್ಲಿ ಮದುವೆಗೆ ಮೊದಲು 30 ದಿನದ ನೋಟಿಸ್ ಇರುತ್ತದೆ. ಬೇರೆ ಜಾತಿ, ಬೇರೆ ಧರ್ಮದ ಜೋಡಿಗಳಿಗೆ ಆ 30 ದಿನ ಬಹಳ ಕಷ್ಟದ ದಿನಗಳು. ಆಗ ಅವರ ಜೊತೆ ಯಾರು ನಿಲ್ಲುತ್ತಾರೆ ಅನ್ನುವುದೇ ಅವತ್ತಿನ ಚರ್ಚೆಯಾಯಿತು.

ಹೆಜ್ಜೆ 6: ಕರೆಯುವುದು

ವಾಟ್ಸಾಪ್ ಸಂದೇಶಕ್ಕೆ ಎಲ್ಲರೂ ಹೆಬ್ಬೆರಳು ಒತ್ತುತ್ತಾರೆ, ಬರುವವರು ಕಡಿಮೆ. ಫೋನ್ ಮಾಡಿ. ಆಗುವುದಾದರೆ ಮನೆಗೇ ಹೋಗಿ. ಮಂಡ್ಯದ ಒಬ್ಬ ಅಮ್ಮನನ್ನು ಕರೆದಾಗ, "ಸುಮ್ನೆ ಕೂತ್ಕಂಡು ಎದ್ದೋಗಕ್ಕೆ ನಾನ್ಯಾಕ್ ಬರ್ಲವ್ವ? ನಂದೇನ್ ಕೆಲ್ಸ ಅಲ್ಲಿ?" ಅಂದರು. ಅದು ನ್ಯಾಯವಾದ ಪ್ರಶ್ನೆ. "ನೀವು ಸಾಲದ ಬಗ್ಗೆ ಹೇಳ್ಬೇಕು ಕಣಮ್ಮ, ನಮಗೆ ಗೊತ್ತಿಲ್ಲ" ಅಂದೆ. ಬಂದರು. ಈಗ ಅವರೇ ಇನ್ನು ಮೂವರನ್ನು ಕರೆತರುತ್ತಾರೆ.

ಗ್ರೂಪ್‌ನಲ್ಲಿ ದಿನ, ಜಾಗ, ವಿಷಯ ಮಾತ್ರ ಬರಲಿ. ಚರ್ಚೆಗೆ ಬಿಟ್ಟರೆ ಭಾನುವಾರ ಆಡಬೇಕಾದ ಜಗಳ ಬುಧವಾರವೇ ಆಗಿ ಮುಗಿಯುತ್ತದೆ. ಸ್ಥಳೀಯ ಪತ್ರಿಕೆಗಳ ದಿನದ ಕಾರ್ಯಕ್ರಮದ ಪಟ್ಟಿಗೆ ಎರಡು ಸಾಲು ಕಳಿಸಿ. ಒಂಟಿಯಾಗಿರುವ ಹಿರಿಯರು ಅದನ್ನು ನೋಡಿಯೇ ಬರುತ್ತಾರೆ.

ಹೆಜ್ಜೆ 7: ಎರಡು ಗಂಟೆ ಹೀಗೆ ನಡೆಸಿ

ಸ್ವಾಗತ, ಪ್ರಾಸ್ತಾವಿಕ, ಹಾರ, ಶಾಲು, ವಂದನಾರ್ಪಣೆ ಯಾವುದೂ ಬೇಡ. ಇವಿಷ್ಟಕ್ಕೇ ನಮ್ಮ ಸಭೆಗಳಲ್ಲಿ ಮುಕ್ಕಾಲು ಗಂಟೆ ಹೋಗುತ್ತದೆ.

ಮೊದಲ ಕಾಲು ಗಂಟೆ ಟೀ ಮತ್ತು ಪರಿಚಯ. ಹೆಸರು, ಊರು, ಈ ತಿಂಗಳು ಮನಸ್ಸಿಗೆ ಹತ್ತಿದ ಒಂದು ಸಂಗತಿ. ಹುದ್ದೆ ಹೇಳುವುದು ಬೇಡ. ಆಮೇಲೆ 20 ನಿಮಿಷ ಒಬ್ಬರು ಮಾತಾಡಲಿ. ಆ ವಿಷಯವನ್ನು ಬದುಕುತ್ತಿರುವವರೇ ಆದರೆ ಒಳ್ಳೆಯದು. ಪೌರಕಾರ್ಮಿಕರ ಬಗ್ಗೆ ಮಾತಾಡಲು ಪೌರಕಾರ್ಮಿಕರನ್ನೇ ಕರೆಯಿರಿ. ನಂತರ ಐದೈದು ಜನ ಗುಂಪಾಗಿ 25 ನಿಮಿಷ ಮಾತಾಡಿಕೊಳ್ಳಲಿ. ಮೂವತ್ತು ಜನರ ಮುಂದೆ ಬಾಯಿ ಬಿಡದವರು ಐದು ಜನರ ಮುಂದೆ ಬಿಡುತ್ತಾರೆ. ಮತ್ತೆ ಎಲ್ಲರೂ ಸುತ್ತ ಕೂತು ಮುಕ್ಕಾಲು ಗಂಟೆ. ಉಳಿದ 15 ನಿಮಿಷ "ಮುಂದೇನು?" ಅನ್ನುವುದಕ್ಕೆ.

ಒಬ್ಬರಿಗೆ ಒಂದು ಸಲಕ್ಕೆ ಮೂರು ನಿಮಿಷ. ಮೊದಲ ಪ್ರಶ್ನೆ ಯಾವಾಗಲೂ ಹೆಣ್ಣುಮಕ್ಕಳದ್ದು. ಒಂದು ಸಲ ಮಾತಾಡಿದವರು, ಎಲ್ಲರಿಗೂ ಅವಕಾಶ ಸಿಗುವವರೆಗೆ ಎರಡನೇ ಸಲ ಮಾತಾಡುವ ಹಾಗಿಲ್ಲ. ನಮ್ಮ ಮೇಷ್ಟ್ರುಗಳಿಗೆ ಇದು ಮೊದಮೊದಲು ಕಷ್ಟ ಆಯಿತು. ಈಗ ಅವರೇ ಗಡಿಯಾರ ನೋಡುತ್ತಾರೆ.

ಫೋಟೋ ತೆಗೆಯುವ ಮೊದಲು ಪ್ರತಿಯೊಬ್ಬರನ್ನೂ ಕೇಳಿ. ಸರ್ಕಾರಿ ನೌಕರರು, ಮನೆಯಲ್ಲಿ ಹೇಳದೆ ಬಂದ ಹುಡುಗಿಯರು, ಪಿಜಿಯಲ್ಲಿರುವ ವಿದ್ಯಾರ್ಥಿಗಳಿಗೆ ಒಂದು ಫೋಟೋದಿಂದ ತೊಂದರೆ ಆಗಬಹುದು. ಅವರ ಭಯವನ್ನು ಹೇಡಿತನ ಅನ್ನಬೇಡಿ.

ಹೆಜ್ಜೆ 8: ಭಿನ್ನಾಭಿಪ್ರಾಯ ಬಂದಾಗ

ಬಂದೇ ಬರುತ್ತದೆ. ಕಾವೇರಿ ನೀರು, ಒಳಮೀಸಲಾತಿ, ಹಿಜಾಬ್, ಟಿಪ್ಪು ಇವುಗಳಲ್ಲಿ ಯಾವುದು ಬಂದರೂ ಕೂಟ ಎರಡಾಗುತ್ತದೆ. ನಡೆಸುವವರು ತೀರ್ಪು ಕೊಡಬಾರದು. ನಾವು ಒಂದು ಪದ್ಧತಿ ಇಟ್ಟುಕೊಂಡಿದ್ದೇವೆ. ಎದುರಿನವರ ಮಾತನ್ನು ಮೊದಲು ನಿಮ್ಮ ಬಾಯಲ್ಲಿ ಹೇಳಬೇಕು. ಅವರು "ಹೌದು, ಇದನ್ನೇ ನಾನು ಹೇಳಿದ್ದು" ಅಂದ ಮೇಲೆ ನಿಮ್ಮ ಉತ್ತರ.

ಆದರೆ ಚುಚ್ಚುವ ಮಾತು ಬಂತು ಅಂತ ಬಾಯಿ ಮುಚ್ಚಿಸಬೇಡಿ. 1973ರಲ್ಲಿ ಇದೇ ಮೈಸೂರಿನಲ್ಲಿ ಸಚಿವ ಬಿ. ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬಹುಪಾಲು ಬೂಸಾ ಅಂದರು. ಗಲಾಟೆ ಎದ್ದಿತು, ಅವರ ಸಚಿವ ಸ್ಥಾನ ಹೋಯಿತು. ಆದರೆ ಆ ಮಾತಿನ ಹಿಂದೆ ಇದ್ದ ನೋವು ದಲಿತ ಯುವಕರನ್ನು ಒಂದು ಮಾಡಿತು. ಅಲ್ಲಿಂದ ಒಂದು ದೊಡ್ಡ ಚಳವಳಿಯೇ ಬೆಳೆಯಿತು. ಹಾಗಾಗಿ ಯಾರಾದರೂ ಸಿಟ್ಟಿನಲ್ಲಿ ಮಾತಾಡಿದರೆ ದನಿಯನ್ನು ತಿದ್ದುವ ಮೊದಲು ಮಾತನ್ನು ಕೇಳಿಸಿಕೊಳ್ಳಿ. ಜಾತಿ ಹೆಸರಲ್ಲಿ, ಹೆಣ್ಣಿನ ಹೆಸರಲ್ಲಿ ಒಬ್ಬರನ್ನು ಅವಮಾನ ಮಾಡಿದರೆ ಮಾತ್ರ ಅಲ್ಲೇ ನಿಲ್ಲಿಸಿ. ಅದಕ್ಕೆ ಮೂರು ನಿಮಿಷವೂ ಕೊಡಬೇಕಾಗಿಲ್ಲ.

ಹೆಜ್ಜೆ 9: ದುಡ್ಡು

ಒಂದು ಡಬ್ಬಿ ಇಡಿ. ಇದ್ದವರು ಹಾಕುತ್ತಾರೆ. ಪ್ರತಿ ಕೂಟದ ಕೊನೆಗೆ ಲೆಕ್ಕ ಓದಿ. ರಾಜಕಾರಣಿಯೊಬ್ಬರು "ಹಾಲ್ ನಾನು ಕೊಡಿಸ್ತೀನಿ, ಊಟಾನೂ ಇರ್ಲಿ" ಅಂತ ಬಂದೇ ಬರುತ್ತಾರೆ. ಕೈಮುಗಿದು ಬೇಡ ಅನ್ನಿ. ನಮ್ಮ ಮೊದಲ ಕೂಟ ನಿಲ್ಲಲು ಅದೂ ಒಂದು ಕಾರಣ. ಒಪ್ಪಿಕೊಂಡ ಮೂರನೇ ತಿಂಗಳಿಗೆ ಬ್ಯಾನರ್ ಮೇಲೆ ಅವರ ಫೋಟೋ ಬಂತು.

ಹೆಜ್ಜೆ 10: ಅನುಮತಿ

ಶಾಂತವಾಗಿ, ಆಯುಧವಿಲ್ಲದೆ ಸೇರುವ ಹಕ್ಕನ್ನು ಸಂವಿಧಾನದ 19(1)(ಬಿ) ವಿಧಿ ಕೊಟ್ಟಿದೆ. ಮನೆಯೊಳಗೆ, ಹಾಲ್‌ನೊಳಗೆ ಕೂತು ಮಾತಾಡಲು ಸಾಮಾನ್ಯವಾಗಿ ಯಾರ ಅನುಮತಿಯೂ ಬೇಕಿಲ್ಲ. ಧ್ವನಿವರ್ಧಕಕ್ಕೆ ಪೊಲೀಸ್ ಅನುಮತಿ, ಉದ್ಯಾನಕ್ಕೆ ಪಾಲಿಕೆ ಅನುಮತಿ ಲಿಖಿತವಾಗಿ ಕೇಳಿ. ಸ್ವೀಕೃತಿ ಮುದ್ರೆ ಹಾಕಿಸಿಕೊಂಡ ಪ್ರತಿ ನಿಮ್ಮ ಹತ್ತಿರ ಇರಲಿ. ಊರಲ್ಲಿ ನಿಷೇಧಾಜ್ಞೆ ಇದ್ದರೆ ಆ ದಿನ ಸೇರಬೇಡಿ. ಮೊದಲು 144 ಅನ್ನುತ್ತಿದ್ದ ಆ ಆದೇಶ 2024ರ ಜುಲೈನಿಂದ ಹೊಸ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ 163ನೇ ಸೆಕ್ಷನ್ ಆಗಿದೆ. ಚುನಾವಣೆ ಹೊತ್ತಿನಲ್ಲಿ ಸರ್ಕಾರಿ ಭವನ ಸಿಗುವುದು ಕಷ್ಟ, ಮನೆ ತಾರಸಿಯೇ ಗತಿ.

ಹೆಜ್ಜೆ 11: ಮಾತಿನಿಂದ ಒಂದು ಸಣ್ಣ ಕೆಲಸ

ಕೊನೆಯ 15 ನಿಮಿಷದಲ್ಲಿ ಒಂದೇ ಒಂದು ಕೆಲಸ ಹಿಡಿಯಿರಿ. ಯಾರು ಮಾಡುತ್ತಾರೆ, ಯಾವತ್ತಿನ ಒಳಗೆ, ಅಷ್ಟನ್ನು ಪುಸ್ತಕದಲ್ಲಿ ಬರೆಯಿರಿ. ನಮಗೆ ಜಾಸ್ತಿ ಉಪಯೋಗಕ್ಕೆ ಬಂದದ್ದು ಮಾಹಿತಿ ಹಕ್ಕು. ಅರ್ಜಿಗೆ 10 ರೂಪಾಯಿ, ಬಿಪಿಎಲ್ ಕುಟುಂಬಕ್ಕೆ ಅದೂ ಇಲ್ಲ. 30 ದಿನದೊಳಗೆ ಉತ್ತರ ಕೊಡಬೇಕು. ನಮ್ಮ ರಾಜ್ಯದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದೊಳಗೆ ಇರಬೇಕು. ನಿಮ್ಮ ಬಡಾವಣೆಯಲ್ಲಿ ರಸ್ತೆ ಅಗಲ ಮಾಡುವ ಯೋಜನೆ ಇದೆಯಾ, ಎಷ್ಟು ಮರ ಗುರುತು ಮಾಡಿದ್ದಾರೆ, ಒಂದು ಅರ್ಜಿಯಲ್ಲಿ ಕೇಳಿ. ಮರ ಬೀಳುವ ಮೊದಲೇ ಗೊತ್ತಾಗುತ್ತದೆ.

ಹಳ್ಳಿಯವರಾದರೆ ಗ್ರಾಮಸಭೆಗೆ ಒಟ್ಟಿಗೆ ಹೋಗಿ. ಕನಿಷ್ಠ ಆರು ತಿಂಗಳಿಗೊಮ್ಮೆ ಅದು ನಡೆಯಲೇಬೇಕು. ಒಬ್ಬರೇ ಹೋಗಿ ಕೇಳಿದರೆ ಬೈಗುಳ, ಎಂಟು ಜನ ಒಟ್ಟಿಗೆ ಹೋಗಿ ಕೇಳಿದರೆ ನಡಾವಳಿಯಲ್ಲಿ ಸೇರುತ್ತದೆ.

ಹೆಜ್ಜೆ 12: ಚೀಲ ಕೈ ಬದಲಾಗಲಿ

ಮೂರು ತಿಂಗಳಿಗಿಂತ ಜಾಸ್ತಿ ಒಬ್ಬರೇ ನಡೆಸಬೇಡಿ. ನಮ್ಮ ಕೂಟದ ಆಸ್ತಿ ಒಂದು ಬಟ್ಟೆ ಚೀಲದಲ್ಲಿದೆ. ಹಾಜರಿ ಮತ್ತು ಲೆಕ್ಕದ ಪುಸ್ತಕ, ಫೋನ್ ನಂಬರುಗಳ ಪಟ್ಟಿ, ದುಡ್ಡಿನ ಡಬ್ಬಿ, ಎರಡು ಮಾರ್ಕರ್ ಪೆನ್ನು, ಮಾಹಿತಿ ಹಕ್ಕಿನ ಖಾಲಿ ಅರ್ಜಿಗಳು, ಲೋಟ ತೊಳೆಯುವ ಸರದಿ ಪಟ್ಟಿ. ಮೂವತ್ತು ಲೋಟಗಳಿಗೆ ಬೇರೆ ಚೀಲ ಇದೆ. ಹೊಸಬರು ಚೀಲ ತೆಗೆದುಕೊಂಡ ಮೊದಲ ತಿಂಗಳು ಹಳಬರು ಜೊತೆಗಿರಲಿ, ಎರಡನೇ ತಿಂಗಳು ಫೋನ್‌ಗೆ ಸಿಗಲಿ, ಮೂರನೇ ತಿಂಗಳು ಸುಮ್ನೆ ಬಂದು ಸುತ್ತಿನಲ್ಲಿ ಕೂರಲಿ. ಮಳೆಗಾಲದಲ್ಲಿ ಆರೇ ಜನ ಬಂದರೂ ಕೂಟ ನಡೆಸಿ, ಆರು ಹೆಸರನ್ನೂ ಪುಸ್ತಕದಲ್ಲಿ ಬರೆಯಿರಿ. ಈ ಸಲ ಚೀಲ ಸಾಲದ ವಿಷಯ ಹೇಳಿದ ಆ ಅಮ್ಮನ ಹತ್ತಿರ ಇದೆ. ಓದು ಬರಹ ಅವರಿಗೆ ಅಷ್ಟಾಗಿ ಬರುವುದಿಲ್ಲ. ಅವರು ಹೇಳುತ್ತಾರೆ, ಮೊಮ್ಮಗಳು ಬರೆದುಕೊಳ್ಳುತ್ತಾಳೆ.